ಅಜ್ಜನ ಫೋನು, ಅಣ್ಣನ ಬ್ಯಾಕಪ್ಪು

ಈ ಬರಹದಲ್ಲಿ ‘ನಾವು’ ಅಂದ್ರ ಮೂರು ಜನ. ಹಾಸ್ಟೆಲಿನಲ್ಲಿ ನಮ್ಮನ್ನ ಯಾರೂ ಹೆಸರು ಹಿಡಿದು ಕರೆಯೋದಿಲ್ಲ, ಊರು ಹಿಡಿದೇ ಕರೀತಾರೆ: ಗೋಕಾಕ, ಮೂಡಲಗಿ, ಹುಕ್ಕೇರಿ. ಮೆಸ್ಸಿನಲ್ಲಿ ಮೂವರನ್ನೂ ಒಟ್ಟಿಗೆ ಕೂಗಿದ್ರ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗಿದಂಗ ಇರ್ತದೆ. ಗೋಕಾಕ ಅಂದ ಕೂಡಲೇ ಕ್ಲಬ್ಬಿನ ಸೀನಿಯರ್‌ಗಳು ‘ಓ, ಗೋಕಾಕ ಚಳವಳಿ!’ ಅಂತಾರೆ. ಅದು ವಿ.ಕೃ. ಗೋಕಾಕರ ಸಮಿತಿ ಕೊಟ್ಟ ವರದಿ ಜಾರಿಗೆ ಬರಲಿ ಅಂತ ನಡೆದ ಚಳವಳಿ, ಅವರು ಹುಟ್ಟಿದ್ದು ಸವಣೂರಿನಲ್ಲಿ, ನಮ್ಮೂರಿಂದು ಕರದಂಟು ಮತ್ತು ಫಾಲ್ಸು ಅಂತ ಹೇಳಿ ಹೇಳಿ ಗೋಕಾಕದವನು ಸುಸ್ತಾಗಿದ್ದಾನೆ. ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟು ಉದ್ದ ಬರೆದದ್ದು ಹತ್ತನೇ ಕ್ಲಾಸಿನ ಪ್ರಬಂಧ ಬಿಟ್ರ ಇದೇ ಮೊದಲು. ಕಾಗುಣಿತ ತಪ್ಪಿದ್ದರೆ ಸಂಪಾದಕರು ತಿದ್ದಿರ್ತಾರೆ. ತಿದ್ದದೆ ಉಳಿದದ್ದು ನಮ್ಮ ಶೈಲಿ ಅಂತ ತಿಳ್ಕೊಳ್ರಿ.

ವಿಷಯ ಇಷ್ಟು: ರೂಟ್ ಮಾಡಿದ ಫೋನಿನ ಸಿಸ್ಟಮ್ ಬ್ಯಾಕಪ್ ತೆಗೆಯೋದು, ಅದನ್ನ ವಾಪಸ್ ತರೋದು. ‘ಈಗ ಯಾರು ರೂಟ್ ಮಾಡ್ತಾರೋ, ಯುಪಿಐ ನಡೆಯೋದಿಲ್ಲ’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನಮ್ಮ ಫೋನುಗಳೂ ರೂಟ್ ಆಗಿಲ್ಲ. ನಾವು ಹೇಳ್ತಿರೋದು ಬೇರೆ ಕಾಲದ ಫೋನಿನ ಕಥೆ.

ರೂಟ್ ಅಂದ್ರ ಏನು ಅಂತ ಗೊತ್ತಿಲ್ಲದವರಿಗೆ ಎರಡು ಸಾಲು. ಆಂಡ್ರಾಯ್ಡ್ ಒಳಗೆ ಪ್ರತಿ ಆ್ಯಪ್ ಒಬ್ಬ ಬಾಡಿಗೆದಾರ ಇದ್ದಂಗ. ಅವನಿಗೆ ತನ್ನ ಖೋಲಿ ಬಿಟ್ಟು ಬೇರೆ ಖೋಲಿಗೆ ಪ್ರವೇಶ ಇಲ್ಲ. ಫೋನು ರೊಕ್ಕ ಕೊಟ್ಟು ತಂದ ನಮಗೂ ಎಲ್ಲಾ ಖೋಲಿಯ ಕೀಲಿ ಕೊಟ್ಟಿರೋದಿಲ್ಲ. ರೂಟ್ ಮಾಡೋದು ಅಂದ್ರ ಆ ಕೀಲಿಗೊಂಚಲು ಕೈಗೆ ತಗೊಳ್ಳೋದು. ತಗೊಂಡ ಮೇಲೆ ಸಿಸ್ಟಮ್ ಅನ್ನೇ ಬದಲಾಯಿಸಬಹುದು, ಹಾಳೂ ಮಾಡಬಹುದು.

ಮೂಡಲಗಿಯವನ ದೊಡ್ಡಪ್ಪನ ಮಗ, ನಾವು ಮೂವರೂ ಈಗ ಅಣ್ಣ ಅಂತಲೇ ಕರೆಯೋರು, ಡಿಪ್ಲೊಮಾ ಓದುವಾಗ 2012ರ ಕೊನೆಗೆ ಒಂದು ಫೋನ್ ತಗೊಂಡಿದ್ದ. ಆಂಡ್ರಾಯ್ಡ್ 4.0, ಒಳಗೆ 8 ಜಿಬಿ. ಆ ಫೋನಿನಲ್ಲಿ ಕನ್ನಡ ಪೇಪರಿನ ಸೈಟ್ ತೆರೆದರೆ ಅಕ್ಷರದ ಜಾಗದಲ್ಲಿ ಸಾಲು ಸಾಲು ಚೌಕಾನ ಡಬ್ಬಿಗಳು. ಒಪೆರಾ ಮಿನಿಯಲ್ಲಿ ಒಂದು ಗುಪ್ತ ಸೆಟ್ಟಿಂಗ್ ಇತ್ತಂತೆ, ಅದನ್ನ ಆನ್ ಮಾಡಿದರೆ ಕನ್ನಡ ಅಕ್ಷರ ಸಣ್ಣ ಸಣ್ಣ ಚಿತ್ರವಾಗಿ ಬರ್ತಿತ್ತು, ಓದಬಹುದಿತ್ತು. ಆದರೆ ಮೆಸೇಜು, ಫೇಸ್‌ಬುಕ್ಕು, ಉಳಿದದ್ದೆಲ್ಲಾ ಡಬ್ಬಿಗಳೇ. ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಆಂಡ್ರಾಯ್ಡ್ ಬೆಂಬಲ ಕೊಟ್ಟದ್ದು 2012ರ 4.1ರಲ್ಲಿ. ಮೆನು, ಸೆಟ್ಟಿಂಗ್ಸ್ ಎಲ್ಲಾ ಕನ್ನಡದಲ್ಲಿ ಸಿಕ್ಕಿದ್ದು 2014ರ 5.0 ಲಾಲಿಪಾಪಿನಲ್ಲಿ. ಅಣ್ಣನ ಫೋನಿಗೆ ಅಪ್‌ಡೇಟ್ ಬರಲೇ ಇಲ್ಲ.

ಅದಕ್ಕೇ ಅವನು ರೂಟ್ ಮಾಡಿದ. ಮೊದಲು ಬರೀ ಕನ್ನಡ ಫಾಂಟ್ ಹಾಕಿ ನೋಡಿದ. ಅಕ್ಷರ ಬಂದವು, ಒತ್ತಕ್ಷರ ಕೂಡಲಿಲ್ಲ. ಫಾಂಟ್ ಅಂದ್ರ ಅಕ್ಷರದ ಚಿತ್ರ ಅಷ್ಟೇ, ಅವನ್ನ ಕೂಡಿಸಿ ಜೋಡಿಸೋ ಕೆಲಸ ಸಿಸ್ಟಮ್ಮಿನದು. ಆಮೇಲೆ ಸಿಸ್ಟಮ್ಮನ್ನೇ ತೆಗೆದು ಸಯನೋಜೆನ್‌ಮಾಡ್ 11 ಹಾಕಿದ, ಅದು ಆಂಡ್ರಾಯ್ಡ್ 4.4. ಕನ್ನಡ ಸರಿಯಾಗಿ ಬಂತು. ಬರೀ ಕನ್ನಡ ಓದೋದಕ್ಕೆ ಇಷ್ಟೆಲ್ಲಾ ಮಾಡಬೇಕಿತ್ತು ಅನ್ನೋದು ನಮ್ಮ ಬ್ಯಾಚಿನವರಿಗೆ ನಂಬೋದೇ ಕಷ್ಟ. ನಮಗೆ ಕನ್ನಡ ಕೀಬೋರ್ಡ್ ಫೋನಿನ ಜೊತೆಗೇ ಬಂದಿರ್ತದೆ, ಆದರೂ ‘ಹೆಂಗದಿ’ ಅನ್ನೋದನ್ನ ಇಂಗ್ಲಿಷ್ ಅಕ್ಷರದಲ್ಲೇ ಹೊಡೀತೀವಿ. ಇರಲಿ.

ಅಣ್ಣ ಒಂದು ಒಳ್ಳೆ ಕೆಲಸ ಮಾಡಿದ್ದ. ಫೋನಿಗೆ ಟಿಡಬ್ಲ್ಯುಆರ್‌ಪಿ ಅನ್ನೋ ರಿಕವರಿ ಹಾಕಿದ್ದ, ಮತ್ತು 2015ರ ಮಾರ್ಚಿನಲ್ಲಿ ಎಲ್ಲಾ ಸೆಟ್ ಆದ ಮೇಲೆ ಪೂರ್ತಿ ಸಿಸ್ಟಮ್ಮಿನ ಒಂದು ಬ್ಯಾಕಪ್ ತೆಗೆದು ಮೆಮೊರಿ ಕಾರ್ಡಿನಲ್ಲಿ ಇಟ್ಟಿದ್ದ. ರಿಕವರಿ ಅಂದ್ರ ಆಂಡ್ರಾಯ್ಡ್ ಶುರುವಾಗೋದಕ್ಕಿಂತ ಮೊದಲೇ, ಅದರ ಹೊರಗೆ ಓಡೋ ಒಂದು ಸಣ್ಣ ಸಿಸ್ಟಮ್. ಮನೆಯೊಳಗೆ ಮಂದಿ ಓಡಾಡುವಾಗ ಸಾಮಾನು ಎಣಿಸೋದು ಕಷ್ಟ. ಎಲ್ಲರನ್ನೂ ಹೊರಗೆ ಕಳಿಸಿ ಎಣಿಸಿದ್ರ ಲೆಕ್ಕ ಸರಿ ಬರ್ತದೆ. ರಿಕವರಿಯಿಂದ ತೆಗೆಯೋ ಬ್ಯಾಕಪ್ ಹಂಗ. ಇದಕ್ಕೆ ನ್ಯಾಂಡ್ರಾಯ್ಡ್ ಬ್ಯಾಕಪ್ ಅಂತಾರೆ, ನ್ಯಾಂಡ್ ಮೆಮೊರಿ ಮತ್ತು ಆಂಡ್ರಾಯ್ಡ್ ಎರಡೂ ಕೂಡಿದ ಹೆಸರು. ಬೂಟ್, ಸಿಸ್ಟಮ್, ಡೇಟಾ ಅಂತ ಒಂದೊಂದು ಪಾರ್ಟಿಶನ್ನಿಗೂ ಬೇರೆ ಬೇರೆ ಫೈಲ್ ಆಗಿ ಕೂಡ್ತದೆ. ಬೂಟ್ ಅನ್ನ ಬಿಟ್ಟಿಗೆ ಬಿಟ್ ಇಮೇಜ್ ಮಾಡ್ತದೆ. ಸಿಸ್ಟಮ್ ಮತ್ತು ಡೇಟಾ ಟಾರ್ ಗಂಟುಗಳು. ಅಂದ್ರ ಕಂಪ್ಯೂಟರಿನಲ್ಲಿ ಗಂಟು ಬಿಚ್ಚಿ ಒಳಗಿನ ಒಂದೇ ಫೈಲ್ ತೆಗೀಬಹುದು. ಈ ಮಾತು ನೆನಪಿಟ್ಟುಕೊಳ್ರಿ, ಮುಂದೆ ಬರ್ತದೆ.

ಅಣ್ಣನಿಗೆ ಪುಣೆಯಲ್ಲಿ ನೌಕರಿ ಸಿಕ್ಕಿತು, ಹೊಸ ಫೋನ್ ತಗೊಂಡ, ಹಳೇದು ಅಜ್ಜನ ಕೈಗೆ ಬಂತು.

ಮೂಡಲಗಿಯವನ ಅಜ್ಜ ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ಭಾಗವತ. ಪಾರಿಜಾತ ನಮ್ಮ ಕಡೆಯ ಆಟ. ಅದನ್ನ ಆಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಕುಲಗೋಡ, ಪಾರಿಜಾತದಿಂದಲೇ ದೊಡ್ಡ ಹೆಸರು ಮಾಡಿದ ಕೌಜಲಗಿ ನಿಂಗಮ್ಮನವರ ಕೌಜಲಗಿ, ಎಲ್ಲಾ ಅಲ್ಲೇ ಸುತ್ತಮುತ್ತ. ಮೂಡಲಗಿ ಮೊದಲು ಗೋಕಾಕ ತಾಲೂಕಿನಲ್ಲೇ ಇತ್ತು, ಈಗ ಸ್ವಂತ ತಾಲೂಕು. (ಪಾರಿಜಾತ ಯಾರ ತಾಲೂಕಿಂದು ಅಂತ ನಮ್ಮ ರೂಮಿನಲ್ಲಿ ಇನ್ನೂ ಫೈಸಲಾ ಆಗಿಲ್ಲ.) ಅಜ್ಜ ಹಾಡೋ ಹಾಡುಗಳೆಲ್ಲಾ ಒಂದು ದಪ್ಪ ವಹಿಯಲ್ಲಿ ಬರೆದಿಟ್ಟಿದ್ದ. ಯಾವ ಹಾಡಿಗೆ ಯಾವ ಧಾಟಿ, ಎಲ್ಲಿ ದೂತಿಯ ಮಾತು, ಎಲ್ಲಿ ಪೇಟಿ ಏರಿಸಬೇಕು, ಎಲ್ಲಾ ಅದರಲ್ಲಿ.

2019ರ ಆಗಸ್ಟಿನಲ್ಲಿ ಘಟಪ್ರಭೆಗೆ ಬಂದ ಹೊಳಿ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗೋಕಾಕ ಊರೊಳಗೆ ನೀರು, ಲೋಳಸೂರ ಸೇತುವೆ ಮುಳುಗಿ ರಸ್ತೆ ಬಂದ್. ಕೆಳಗೆ ಮೂಡಲಗಿ ಕಡೆಯ ಹೊಳಿ ದಂಡಿಯ ಹಳ್ಳಿಗಳಲ್ಲೂ ಮಂದಿ ಮನೆ ಬಿಟ್ಟು ಎತ್ತರದ ಕಡೆ ಹೋದರು. ಅಜ್ಜ ಫೋನನ್ನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿನ ಬನಿಯನ್ ಕಿಸೆಯಲ್ಲಿ ಇಟ್ಟುಕೊಂಡು ಹೊರಟಿದ್ದ. ವಹಿ ಟ್ರಂಕಿನಲ್ಲಿ ಉಳೀತು. ನೀರು ಇಳಿದ ಮೇಲೆ ಬಂದು ನೋಡಿದ್ರ ಟ್ರಂಕಿನ ತುಂಬ ಕೆಸರು, ವಹಿ ಹಿಟ್ಟಿನ ಮುದ್ದೆ ಆಗಿತ್ತು. ಶಾಯಿಯ ಬರಹ, ಒಂದು ಪುಟವೂ ಉಳೀಲಿಲ್ಲ.

ಅದಾದ ಮೇಲೆ ಅಜ್ಜ ಒಂದು ಕೆಲಸ ಶುರು ಮಾಡಿದ. ಫೋನಿನ ರೆಕಾರ್ಡರ್ ತೆರೆದು, ದಿನಾ ಅಲ್ಲದಿದ್ದರೂ ನೆನಪಾದಾಗ, ಒಂದೊಂದೇ ಹಾಡು ಹಾಡಿ ಇಟ್ಟ. ಕಣ್ಣಿಗೆ ಸರಿಯಾಗಿ ಕಾಣ್ತಿರಲಿಲ್ಲ, ಮತ್ತೆ ವಹಿ ಬರೆಯೋದು ಆಗದ ಮಾತು. ಮೇಳದವರು ಯಾರಾದರೂ ಮನೆಗೆ ಬಂದರೆ ಅವರ ಕೈಲೂ ಹಾಡಿಸಿದ. ಬ್ಯಾಕಪ್ ಅನ್ನೋ ಶಬ್ದ ಅಜ್ಜನಿಗೆ ಗೊತ್ತಿರಲಿಲ್ಲ, ಮಾಡ್ತಿದ್ದದ್ದು ಅದನ್ನೇ. ಆದರೆ ವಹಿ ಒಂದೇ ಇದ್ದಂಗ ರೆಕಾರ್ಡಿಂಗೂ ಒಂದೇ ಕಡೆ ಇತ್ತು.

2021ರಲ್ಲಿ ಅಜ್ಜ ತೀರಿಕೊಂಡ. ಫೋನನ್ನ ಆಯಿ ಸೀರೆಯಲ್ಲಿ ಸುತ್ತಿ ಗೋಡೆಯ ಮಾಡಿನಲ್ಲಿ ಇಟ್ಟಳು. ವರ್ಷಗಟ್ಟಲೆ ಯಾರೂ ಮುಟ್ಟಲಿಲ್ಲ. ಕಳೆದ ದೀಪಾವಳಿ ರಜೆಗೆ ನಾವು ಮೂವರೂ ಮೂಡಲಗಿಗೆ ಹೋದಾಗ ಆಯಿ ಅದನ್ನ ತೆಗೆದು ಕೊಟ್ಟಳು. ‘ನೀವು ಕಂಪ್ಯೂಟರ್ ಕಲಿಯಾಕತ್ತೀರಲಾ, ಇದನ್ನ ಒಂದ್ಸಲ ಹಚ್ಚಿ ಕೊಡ್ರಿ. ಅವರ ದನಿ ಕೇಳಬೇಕು.’

ನಮ್ಮಲ್ಲಿ ಒಬ್ಬ ಸಿವಿಲ್, ಒಬ್ಬ ಮೆಕ್ಯಾನಿಕಲ್, ಒಬ್ಬ ಮಾತ್ರ ಕಂಪ್ಯೂಟರ್ ಸೈನ್ಸ್. ಇದನ್ನೆಲ್ಲಾ ಆಯಿಗೆ ಹೇಳಲಿಲ್ಲ.

ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದು ಬಂದಿತ್ತು. ಅದನ್ನ ಚಾರ್ಜಿಗೆ ಹಚ್ಚದೆ ತೆಗೆದು ಬೇರೆ ಇಟ್ಟೆವು. ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತಬಹುದು. ಅದೇ ಅಳತೆಯದು ಗೋಕಾಕದಲ್ಲಿ ಸಿಕ್ಕಿತು. ಹಾಕಿ ಆನ್ ಮಾಡಿದ್ರ ಲೋಗೋ ಬರ್ತದೆ, ತಿರುಗ್ತದೆ, ಆರ್ತದೆ, ಮತ್ತೆ ಲೋಗೋ. ಬೂಟ್ ಲೂಪ್. ಬ್ಯಾಟರಿ ತಂದ ಅಂಗಡಿಯವರು ನೋಡಿ, ‘ಫ್ಲ್ಯಾಶ್ ಹೊಡೀಬೇಕ್ರಿ, 400 ಆಕ್ಕೈತಿ, ಒಳಗಿಂದೇನೂ ಉಳಿಯೂದಿಲ್ಲ’ ಅಂದರು. ಅವರು ಹೇಳಿದ್ದು ತಪ್ಪೇನಲ್ಲ. ಅವರ ಕಡೆ ಬರೋ ನೂರು ಜನರಲ್ಲಿ ತೊಂಬತ್ತು ಜನಕ್ಕೆ ಫೋನ್ ಬೇಕಿರ್ತದೆ. ನಮಗೆ ಫೋನ್ ಬೇಕಿರಲಿಲ್ಲ, ಒಳಗಿಂದು ಬೇಕಿತ್ತು.

ಅಣ್ಣನಿಗೆ ಫೋನ್ ಹಚ್ಚಿದೆವು. ಅವನಿಗೆ ಹತ್ತು ವರ್ಷದ ಹಿಂದಿಂದು ಎಲ್ಲಾ ನೆನಪಿತ್ತು. ‘ವಾಲ್ಯೂಮ್ ಅಪ್ ಮತ್ತ ಪವರ್ ಕೂಡೆ ಹಿಡೀರಿ. ಟಿಡಬ್ಲ್ಯುಆರ್‌ಪಿ ಬರ್ತೈತೇನ ನೋಡ್ರಿ.’

ಬಂತು. ಆಂಡ್ರಾಯ್ಡ್ ಸತ್ತರೂ ರಿಕವರಿ ಬದುಕಿತ್ತು. ಮೆಮೊರಿ ಕಾರ್ಡಿನಲ್ಲಿ 2015ರ ಮಾರ್ಚಿನ ಬ್ಯಾಕಪ್ಪೂ ಹಂಗ ಇತ್ತು. ಅಜ್ಜನಿಗೆ ಆ ಫೋಲ್ಡರ್ ಏನು ಅಂತ ಗೊತ್ತಿಲ್ಲದ್ದು ಎಷ್ಟು ಒಳ್ಳೇದಾಯ್ತು.

ಹುಕ್ಕೇರಿಯವನಿಗೆ ಅವಸರ. ‘ಮತ್ತೇನ್ ನೋಡ್ತೀರಿ, ರಿಸ್ಟೋರ್ ಒತ್ರಿ.’ ಒಂದು ಸ್ವೈಪ್ ಅಷ್ಟೇ. ಆ ಕಡೆಯಿಂದ ಅಣ್ಣ ಜೋರಾಗಿ, ‘ಏ ತಡೀರಿ! ಮೊದಲ ಕೆಟ್ಟಿದ್ದರ ಬ್ಯಾಕಪ್ ತಗೀರಿ’ ಅಂದ.

ಇದು ನಮಗೆ ಹೊಳೆದಿರಲಿಲ್ಲ. ಬ್ಯಾಕಪ್ ಅಂದ್ರ ಎಲ್ಲಾ ಚಲೋ ಇದ್ದಾಗ ತೆಗೆಯೋದು, ಕೆಟ್ಟಾಗ ವಾಪಸ್ ಹಾಕೋದು ಅಂತಲೇ ತಿಳ್ಕೊಂಡಿದ್ದೆವು. ಕೆಟ್ಟ ಸ್ಥಿತಿಯನ್ನ ಯಾಕೆ ಉಳಿಸಿಕೊಳ್ಳಬೇಕು? ಅಣ್ಣ ಬಿಡಿಸಿ ಹೇಳಿದ. ರಿಸ್ಟೋರ್ ಅನ್ನೋದು ಮೊದಲು ಅಳಿಸ್ತದೆ, ಆಮೇಲೆ ಬರೀತದೆ. 2015ರ ಡೇಟಾ ಮೇಲೆ ಬಂದರೆ ಅದಾದ ಆರು ವರ್ಷದ್ದು ಹೋಯಿತು. ಕೆಟ್ಟ ಫೋನಿನಲ್ಲಿ ಕೆಟ್ಟಿರೋದು ಒಂದೋ ಎರಡೋ ಫೈಲ್ ಇರಬಹುದು, ಉಳಿದ ಸಾವಿರಾರು ಫೈಲ್ ಚಲೋ ಇರ್ತಾವೆ. ಏನು ಕೆಟ್ಟದೆ ಅಂತ ಗೊತ್ತಾಗೋ ತನಕ ಏನನ್ನೂ ಒಗೀಬಾರದು. ಆ ರಾತ್ರಿ ಕೇಳಿದ ಮಾತುಗಳಲ್ಲಿ ನಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ.

ಕಾರ್ಡಿನಲ್ಲಿ ಜಾಗ ಇತ್ತು. ಬೂಟ್, ಸಿಸ್ಟಮ್, ಡೇಟಾ ಮೂರಕ್ಕೂ ಟಿಕ್ ಹಾಕಿ ಸ್ವೈಪ್ ಮಾಡಿದೆವು. ಬ್ಯಾಟರಿ ಬಹಳ ಹೊತ್ತು ಹೊರಗಿದ್ದರಿಂದ ಫೋನಿಗೆ ತಾರೀಖು ಮರೆತು ಹೋಗಿತ್ತು. ಬ್ಯಾಕಪ್ ಫೋಲ್ಡರಿನ ಹೆಸರು 1970ರ ಜನವರಿ ಅಂತ ಬಂತು. ಯುನಿಕ್ಸ್ ಲೆಕ್ಕದಲ್ಲಿ ಕಾಲ ಶುರುವಾಗೋದೇ ಅಲ್ಲಿಂದ. ಅಜ್ಜ ಅವಾಗ ಹುಡುಗ ಇದ್ದ, ಮೇಳಕ್ಕೆ ಸೇರಿರಲಿಲ್ಲ ಅಂತ ಆಯಿ ಹೇಳಿದಳು.

ಹದಿನೈದು ನಿಮಿಷದಲ್ಲಿ ಬ್ಯಾಕಪ್ ಮುಗೀತು. ಡೇಟಾ 1.4 ಜಿಬಿ ಅಂತ ತೋರಿಸಿತು. ಗೋಕಾಕದವನು ಲೆಕ್ಕ ಹಾಕಿದ: ಫೋನಿನಲ್ಲಿ ಡೇಟಾ ಪಾರ್ಟಿಶನ್ ಸುಮಾರು 5 ಜಿಬಿ, ಖಾಲಿ ಜಾಗ ಸೊನ್ನೆ. ಉಳಿದ ಮೂರೂವರೆ ಜಿಬಿ ಎಲ್ಲಿ?

ಇಲ್ಲೇ ಬಹಳ ಜನ ಸಿಕ್ಕಿಹಾಕಿಕೊಳ್ತಾರೆ, ಅದಕ್ಕೇ ಸ್ವಲ್ಪ ನಿಂತು ಹೇಳ್ತೀವಿ. ಟಿಡಬ್ಲ್ಯುಆರ್‌ಪಿ ‘ಡೇಟಾ’ ಅಂತ ಬ್ಯಾಕಪ್ ತೆಗೆದಾಗ ಅದರೊಳಗಿನ ‘ಮೀಡಿಯಾ’ ಫೋಲ್ಡರ್ ಒಂದನ್ನ ಬಿಟ್ಟು ತೆಗೀತದೆ. ನಾವು ಇಂಟರ್ನಲ್ ಸ್ಟೋರೇಜ್ ಅಂತ ಕರೆಯೋದು ಅದೇ ಮೀಡಿಯಾ ಫೋಲ್ಡರ್. ಅಂದ್ರ ಫೋಟೋ, ವಿಡಿಯೋ, ಡೌನ್‌ಲೋಡ್, ವಾಟ್ಸ್ಆ್ಯಪ್ಪಿಗೆ ಬಂದ ಚಿತ್ರ, ಮತ್ತು ರೆಕಾರ್ಡಿಂಗ್. ‘ಪೂರ್ತಿ ಬ್ಯಾಕಪ್’ ಅನ್ನೋ ಹೆಸರು ಕೇಳಿ ನಿಶ್ಚಿಂತೆಯಾಗಿ ಫಾರ್ಮ್ಯಾಟ್ ಮಾಡಿದ್ರ ಆ್ಯಪ್‌ಗಳೆಲ್ಲಾ ವಾಪಸ್ ಬರ್ತಾವೆ, ಅಜ್ಜನ ದನಿ ಬರೋದಿಲ್ಲ. ಇದು ದೋಷ ಅಲ್ಲ; ಬ್ಯಾಕಪ್ಪನ್ನ ಅದೇ ಇಂಟರ್ನಲ್ ಸ್ಟೋರೇಜಿನಲ್ಲಿ ಇಡೋರು ಬಹಳ ಮಂದಿ, ಬ್ಯಾಕಪ್ ತನ್ನನ್ನೇ ತಾನು ಬ್ಯಾಕಪ್ ಮಾಡ್ತಾ ಕೂತರೆ ಮುಗಿಯೋದು ಯಾವಾಗ? ಸಾದಾ ವೈಪ್ ಮಾಡಿದಾಗಲೂ ಅದು ಮೀಡಿಯಾ ಫೋಲ್ಡರನ್ನ ಮುಟ್ಟೋದಿಲ್ಲ. ಆದರೆ ‘ಫಾರ್ಮ್ಯಾಟ್ ಡೇಟಾ’ ಅನ್ನೋ ಬಟನ್ ಬೇರೆ. ಅದನ್ನ ಒತ್ತಿದರೆ ‘ಯೆಸ್’ ಅಂತ ಟೈಪ್ ಮಾಡಿ ತೋರಿಸು ಅಂತ ಕೇಳ್ತದೆ. ಯಾಕೆ ಕೇಳ್ತದೆ ಅಂತ ಈಗ ತಿಳೀತು.

ಮೀಡಿಯಾ ಫೋಲ್ಡರನ್ನ ಯುಎಸ್‌ಬಿ ವಯರ್ ಹಾಕಿ ಲ್ಯಾಪ್‌ಟಾಪಿಗೆ ಎಳೆದುಕೊಂಡೆವು, ಎಡಿಬಿ ಪುಲ್ ಅನ್ನೋ ಒಂದೇ ಕಮಾಂಡ್. ವಯರ್ ಸಡಿಲ ಇತ್ತು, ಎರಡು ಸಲ ನಡುವೆ ಕಡೀತು. ಮೂರನೇ ಸಲ ಮೂಡಲಗಿಯವನು ಅರ್ಧ ತಾಸು ಅಲುಗಾಡದೆ ವಯರ್ ಹಿಡಿದು ಕೂತ. ಬಂದ ಮೇಲೆ ಫೋನಿನ ಕಡೆ ಎಷ್ಟು ಫೈಲ್, ಲ್ಯಾಪ್‌ಟಾಪಿನ ಕಡೆ ಎಷ್ಟು ಫೈಲ್ ಅಂತ ಎಣಿಸಿ, ರೆಕಾರ್ಡಿಂಗುಗಳ ಎಂಡಿ5 ಲೆಕ್ಕ ಎರಡೂ ಕಡೆ ತಾಳೆ ನೋಡಿದೆವು. ಒಂದು ಅಕ್ಷರ ಬದಲಾದರೂ ಈ ಲೆಕ್ಕ ಬೇರೆ ಬರ್ತದೆ. 31 ರೆಕಾರ್ಡಿಂಗ್, 31ಕ್ಕೂ ತಾಳೆ ಬಂತು.

ಮೊದಲನೇದು ಹಚ್ಚಿದೆವು. ಅಜ್ಜ ಕೆಮ್ಮಿದ. ‘ಹಚ್ಚೇತೇನ ಇದು?’ ಅಂದ. ಆಮೇಲೆ ಹಾಡಿದ. ಆಯಿ ಒಲೆ ಮುಂದೆ ಕೂತಿದ್ದಳು, ರೊಟ್ಟಿ ಬಡಿಯೋ ಸಪ್ಪಳ ನಿಂತಿತು. ಹಾಡು ಮುಗಿಯೋ ತನಕ ತಿರುಗಿ ನೋಡಲಿಲ್ಲ, ಮುಗಿದ ಮೇಲೆ ‘ಇನ್ನೊಂದ ಹಚ್ರಿ’ ಅಂದಳು.

ಇಲ್ಲಿಗೇ ಬಿಡಬಹುದಿತ್ತು. ಆದರೆ ಆಯಿಗೆ ಲ್ಯಾಪ್‌ಟಾಪ್ ಬೇಡ, ಆ ಫೋನಿನಲ್ಲೇ ಕೇಳಬೇಕು. ಹಾಗಾಗಿ ರಿಸ್ಟೋರ್ ಕೆಲಸ.

ರಿಸ್ಟೋರಿನ ಚಂದ ಏನಂದ್ರ ಒಂದೊಂದೇ ಪಾರ್ಟಿಶನ್ ವಾಪಸ್ ಹಾಕಿ ನೋಡಬಹುದು. ಮೊದಲು ಕ್ಯಾಶೆ ಮತ್ತು ಡಾಲ್ವಿಕ್ ಕ್ಯಾಶೆ ಅಳಿಸಿದೆವು, ಅದರಿಂದ ನಷ್ಟ ಏನಿಲ್ಲ, ಫೋನು ತಾನೇ ಮತ್ತೆ ಮಾಡ್ಕೋತದೆ. ಲೂಪ್ ನಿಲ್ಲಲಿಲ್ಲ. ಆಮೇಲೆ 2015ರ ಬ್ಯಾಕಪ್ಪಿನಿಂದ ಬೂಟ್ ಮತ್ತು ಸಿಸ್ಟಮ್ ಮಾತ್ರ ಹಾಕಿದೆವು, ಡೇಟಾ ಅಜ್ಜಂದೇ ಇರಲಿ ಅಂತ. ಅದೂ ಆಗಲಿಲ್ಲ. ಲ್ಯಾಪ್‌ಟಾಪಿಗೆ ಬಂದಿದ್ದ ಗುಡ್ ಮಾರ್ನಿಂಗ್ ವಿಡಿಯೋಗಳನ್ನ ಫೋನಿನಿಂದ ಅಳಿಸಿ ಜಾಗ ಖಾಲಿ ಮಾಡಿದೆವು. ಆಗಲೂ ಇಲ್ಲ. ಫೋನು ತುಂಬಿದಾಗ ಆಂಡ್ರಾಯ್ಡ್ ತನ್ನ ಲೆಕ್ಕದ ಪುಸ್ತಕ ಬರೆಯೋದಕ್ಕೆ ಹೋಗಿ ಅರ್ಧಕ್ಕೇ ನಿಂತಿರಬೇಕು ಅಂತ ಅಣ್ಣನ ಅಂದಾಜು. ಉಳಿದದ್ದು ಒಂದೇ ದಾರಿ: 2015ರ ಡೇಟಾ.

ಹಾಕಿದೆವು. ಫೋನ್ ಶುರುವಾಯಿತು.

ಆದರೆ ಬಂದದ್ದು ಅಜ್ಜನ ಫೋನಲ್ಲ. ವಾಲ್‌ಪೇಪರ್ ಒಂದು ಬುಲೆಟ್ ಬೈಕು. ಬೆಳಿಗ್ಗೆ ನಾಲ್ಕೂವರೆಗೆ ‘ಎಂ3 ಪೇಪರ್’ ಅಂತ ಅಲಾರಂ. ಡಿಪ್ಲೊಮಾದ ಟೈಮ್ ಟೇಬಲ್ ಫೋಟೋದ ವಿಜೆಟ್. ಅದು 2015ರ ಮಾರ್ಚಿನ ಅಣ್ಣ. ವಿಡಿಯೋ ಕಾಲ್ ಮಾಡಿ ತೋರಿಸಿದೆವು, ಅವನು ನಗೋದಕ್ಕೆ ಶುರು ಮಾಡಿದ, ಆಮೇಲೆ ಸುಮ್ಮನಾದ. ‘ಅಜ್ಜನ್ ನಂಬರ್ಸ್ ಒಂದೂ ಇಲ್ಲೇನ?’ ಅಂತ ಕೇಳಿದ. ಇರಲಿಲ್ಲ. ರಿಸ್ಟೋರ್ ಅಂದ್ರ ಫೋನು ಒಂದು ದಿನಕ್ಕೆ ವಾಪಸ್ ಹೋಗ್ತದೆ, ಆ ದಿನ ಯಾವುದು ಅಂತ ಆರಿಸೋದು ಬ್ಯಾಕಪ್ ತೆಗೆದವರ ಕೈಯಲ್ಲಿರ್ತದೆ.

1970ರ ಫೋಲ್ಡರ್ ಉಪಯೋಗಕ್ಕೆ ಬಂದದ್ದು ಇಲ್ಲಿ. ಕೆಟ್ಟ ಫೋನಿನ ಡೇಟಾ ಗಂಟನ್ನ ಲ್ಯಾಪ್‌ಟಾಪಿನಲ್ಲಿ ಬಿಚ್ಚಿದೆವು. ಕಾಂಟ್ಯಾಕ್ಟ್ಸ್ ಇರೋ ಡೇಟಾಬೇಸ್ ಫೈಲ್ ಸಿಕ್ಕಿತು, ಕೆಟ್ಟಿರಲಿಲ್ಲ. ಅದೊಂದನ್ನ ಫೋನಿಗೆ ಹಾಕೋದು ರೂಟ್ ಇಲ್ಲದೆ ಸಾಧ್ಯವೇ ಇಲ್ಲ, ಅದು ಬೇರೆ ಬಾಡಿಗೆದಾರನ ಖೋಲಿ. ಹಾಕಿದರಷ್ಟೇ ಸಾಲದು, ಆ ಫೈಲಿನ ಮಾಲೀಕ ಯಾರು ಅಂತ ಸರಿಯಾಗಿ ಬರೀಬೇಕು. ಪ್ರತಿ ಆ್ಯಪ್ಪಿಗೂ ಒಂದು ನಂಬರ್ ಇರ್ತದೆ. ಫೈಲಿನ ಮೇಲೆ ಬೇರೆ ನಂಬರ್ ಇದ್ರ ಆ್ಯಪ್ ಅದನ್ನ ಮುಟ್ಟೋದಿಲ್ಲ, ಕ್ರ್ಯಾಶ್ ಆಗ್ತದೆ. ನಂಬರ್ ತಿದ್ದಿ, ಸೆಕ್ಯುರಿಟಿ ಲೇಬಲ್ ಸರಿ ಮಾಡಿ, ರೀಸ್ಟಾರ್ಟ್ ಮಾಡಿದೆವು.

ಅದೇ ಗಂಟಿನಲ್ಲಿ ಮೆಸೇಜುಗಳ ಡೇಟಾಬೇಸೂ ಇತ್ತು. ಹಾಕಬೇಕೋ ಬೇಡವೋ ಅಂತ ಆಯಿಯನ್ನ ಕೇಳಿದೆವು. ‘ಇದ್ದಾಗ ಒಂದ ದಿವಸ ಫೋನ್ ಮುಟ್ಟಗೊಟ್ಟಿಲ್ಲ ನಂಗ. ಈಗ ನೀವ ಎಲ್ಲಾ ಓದ್ತೀರೇನು? ದನಿ ಸಾಕು, ನಂಬರ್ ಸಾಕು.’ ಮೆಸೇಜಿನ ಫೈಲ್ ತೆರೆಯಲೇ ಇಲ್ಲ.

ಆಯಿಯ ಮಾತಿನಿಂದ ನಮಗೂ ಒಂದು ವಿಚಾರ ಬಂತು. ಇಷ್ಟೆಲ್ಲಾ ಆದದ್ದು ಆ ಫೋನಿಗೆ ಎನ್‌ಕ್ರಿಪ್ಶನ್ ಇರಲಿಲ್ಲ ಅನ್ನೋದರಿಂದ. ನಮ್ಮ ಜಾಗದಲ್ಲಿ ಕಳ್ಳ ಇದ್ದಿದ್ರ ಅವನಿಗೂ ಅಷ್ಟೇ ಸುಲಭ. ಈಗಿನ ಫೋನುಗಳಲ್ಲಿ, ಆಂಡ್ರಾಯ್ಡ್ 10ರ ಜೊತೆಗೆ ಅಥವಾ ಅದರ ನಂತರ ಬಂದವುಗಳಲ್ಲಿ, ಒಂದೊಂದು ಫೈಲೂ ಎನ್‌ಕ್ರಿಪ್ಟ್ ಆಗಿರ್ತದೆ, ಕೀಲಿ ನಮ್ಮ ಪಿನ್ನಿಗೆ ಕಟ್ಟಿರ್ತದೆ. ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಕೂಡಲೇ ಫೋನು ತನ್ನ ಡೇಟಾ ತಾನೇ ಅಳಿಸಿಕೊಳ್ತದೆ. ಅಂದ್ರ ‘ಫೋನ್ ಕೆಟ್ಟ ಮೇಲೆ ರೂಟ್ ಮಾಡಿ ತೆಗೆಯೋಣ’ ಅನ್ನೋ ಯೋಚನೆ ಕೆಲಸಕ್ಕೆ ಬರೋದಿಲ್ಲ. ನಮ್ಮ ಅಜ್ಜಂದಿರ ಪಿನ್ ನಮಗೆ ಗೊತ್ತಿಲ್ಲ, ಅವರ ಫೋನಿನ ಒಂದು ಕಾಪಿಯೂ ಎಲ್ಲೂ ಇಲ್ಲ. ಎನ್‌ಕ್ರಿಪ್ಶನ್ ಬೇಡ ಅಂತ ನಾವು ಹೇಳ್ತಿಲ್ಲ, ಬೇಕೇ ಬೇಕು. ಆದರೆ ಈಗ ಫೋನ್ ಕೆಟ್ಟ ಮೇಲೆ ಮಾಡೋದು ಏನೂ ಉಳಿದಿಲ್ಲ, ಮಾಡೋದಿದ್ರ ಮೊದಲೇ.

ಹಳೇ ರೂಟ್ ಫೋನ್ ಮನೆಯಲ್ಲಿ ಇದ್ದವರಿಗೆ ಇನ್ನೊಂದು ಮಾತು. ಕೆಲವು ಫೋನಿನಲ್ಲಿ ಇಎಫ್‌ಎಸ್, ಕೆಲವದರಲ್ಲಿ ಎನ್‌ವಿರ‍್ಯಾಮ್ ಅಂತ ಒಂದು ಸಣ್ಣ ಪಾರ್ಟಿಶನ್ ಇರ್ತದೆ. ಐಎಂಇಐ ನಂಬರು, ರೇಡಿಯೋದ ಹೊಂದಾಣಿಕೆ ಎಲ್ಲಾ ಅದರಲ್ಲಿ. ಅದು ಹೋದರೆ ಫೋನ್ ಆನ್ ಆಗ್ತದೆ, ಸಿಮ್ ಹಿಡಿಯೋದಿಲ್ಲ. ಅದರ ಕಾಪಿ ಆ ಒಂದು ಫೋನಿಗೆ ಮಾತ್ರ. ಗೆಳೆಯನ ಫೋನಿಂದು ತಂದು ಹಾಕೋದು ಬೇಡ. ಐಎಂಇಐ ಬದಲಾಯಿಸೋದು ಅಪರಾಧ.

ಆಮೇಲೆ ಕಾಪಿಗಳ ಪ್ರಶ್ನೆ. ಪೀಟರ್ ಕ್ರೋಗ್ ಅನ್ನೋ ಅಮೆರಿಕದ ಫೋಟೋಗ್ರಾಫರ್ ಹೇಳಿಕೊಟ್ಟ 3-2-1 ಅಂತ ಒಂದು ಲೆಕ್ಕ ಇದೆ: ಮೂರು ಕಾಪಿ, ಎರಡು ಬೇರೆ ನಮೂನೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ನಾವು ಮೂವರಿದ್ದೀವಿ, ಮೂರು ಊರಿದೆ, ತಲಾ ಒಂದು ಇಟ್ಟುಕೊಂಡ್ರ ಮುಗೀತು ಅಂತ ಗೋಕಾಕದವನು ಅಂದ. ಹುಕ್ಕೇರಿಯವನು ನಕ್ಕ. ಹಿಡಕಲ್ ಅಣೆಕಟ್ಟು ಇರೋದು ಅವನ ತಾಲೂಕಿನಲ್ಲಿ, 51 ಟಿಎಂಸಿ ನೀರು. ‘ನಮ್ಮಲ್ಲಿ ಗೇಟ್ ತಗದ್ರ ಮೊದಲ ಗೋಕಾಕದ ಕಾಪಿ ತೊಯ್ತೈತಿ, ಆಮ್ಯಾಲೆ ಮೂಡಲಗೀದು. ಇದೇನ್ ಬ್ಯಾರೆ ಜಾಗ ಆತೋ?’ ಮೂರು ತಾಲೂಕು ಇರಬಹುದು, ಹೊಳಿ ಒಂದೇ. ಕೊನೆಗೆ ಒಂದು ಕಾಪಿ ಹುಕ್ಕೇರಿಯಲ್ಲಿ, ಒಂದು ಹಾಸ್ಟೆಲಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಪುಣೆಯಲ್ಲಿ ಅಣ್ಣನ ಹತ್ತಿರ, ಮತ್ತೆ ಆನ್‌ಲೈನಿನಲ್ಲೂ ಒಂದು. ಮೂಡಲಗಿಯಲ್ಲಿ ಫೋನೇ ಇದೆ.

ಅಜ್ಜನ ಕಾಂಟ್ಯಾಕ್ಟ್ಸ್ ಬಗ್ಗೆ ಹೇಳೋದು ಉಳೀತು. ತೆರೆದಾಗ ನಮಗೆ ಮೊದಲು ಏನೂ ತಿಳೀಲಿಲ್ಲ. ಎಲ್ಲಾ ಕನ್ನಡದಲ್ಲಿ, ಒಂದೊಂದೇ ಅಕ್ಷರ ಒತ್ತಿ ಬರೆದದ್ದು. ಮನೆಯವರನ್ನ ಬಿಟ್ಟು ಯಾರದೂ ಹೆಸರಿಲ್ಲ. ‘ರುಕ್ಮಿಣಿ’. ‘ಸತ್ಯಭಾಮಾ’. ‘ದೂತಿ’. ‘ಪೇಟಿ’. ‘ತಬಲಾ’. ‘ಕೃಷ್ಣ’, ಅದರ ಕೆಳಗೆ ‘ಕೃಷ್ಣ ಹೊಸಾ’. ಇಡೀ ಮೇಳ ಪಾತ್ರದ ಹೆಸರಿನಲ್ಲಿ ಸೇವ್ ಆಗಿತ್ತು. ಇದನ್ನ ಓದೋದಕ್ಕೇ ಅಣ್ಣ ಅವಾಗ ಆ ಫೋನಿಗೆ ಕನ್ನಡ ಹಾಕಿದ್ದ ಅನ್ನಿಸ್ತು, ಅವನು ಹಾಕಿದ್ದು ಕ್ರಿಕೆಟ್ ಸುದ್ದಿ ಓದೋದಕ್ಕೆ ಅಂತ ಗೊತ್ತಿದ್ದರೂ.

31 ರೆಕಾರ್ಡಿಂಗಿನಲ್ಲಿ ಕೊನೇದು ಪೂರ್ತಿ ಇಲ್ಲ. 11 ನಿಮಿಷ 40 ಸೆಕೆಂಡಿಗೆ ಪಟ್ಟನೆ ನಿಲ್ತದೆ, ಹಾಡಿನ ನಡುವೆ. ಫೋನಿನ ಜಾಗ ಮುಗಿದದ್ದು ಅವಾಗಲೇ ಇರಬೇಕು. ಅದರಲ್ಲಿ ಅಜ್ಜನ ಜೊತೆ ಇನ್ನೊಂದು ದನಿ ಇದೆ, ಗಂಡಸಿಂದು. ಆಯಿ ಕೇಳಿದ ಕೂಡಲೇ, ‘ಅದು ರುಕ್ಮಿಣಿ ಅಲಾ!’ ಅಂದಳು.

ನಾವು ನಮ್ಮ ಫೋನಿನಿಂದ ನಂಬರ್ ಹಚ್ಚಿದೆವು. ಕೃಷ್ಣನ ನಂಬರ್ ಚಾಲ್ತಿಯಲ್ಲಿಲ್ಲ, ದೂತಿಯದೂ ಇಲ್ಲ. ರುಕ್ಮಿಣಿ ಎತ್ತಿದರು. ವಯಸ್ಸಾದ ದನಿ. ಯಾರು ಏನು ಅಂತ ಹೇಳಿ, ಆ ರೆಕಾರ್ಡಿಂಗ್ ಹಚ್ಚಿ ಫೋನಿಗೆ ಹಿಡಿದೆವು. ನಿಲ್ಲೋ ಜಾಗದಲ್ಲಿ ನಿಂತಿತು. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯ್ತು ಅಂದುಕೊಂಡೆವು.

‘ನಿಂತಿದ್ದ ಗೊತ್ತ ಆಗಿದ್ದಿಲ್ಲಪಾ ನಮಗ’ ಅಂದರು. ‘ಅವನ ಆದಮ್ಯಾಲೆ ನಂದಿತ್ತು. ಅರ್ಧಾ ತಾಸ ಹಾಡಿದ್ನಿ ಆ ದಿವಸ. ಬರ್ರಿ, ನಂಗ ಇನ್ನೂ ಬಾಯಾಗೈತಿ.’

ಎರಡನೇ ಶನಿವಾರ ಹೋಗ್ತಿದ್ದೀವಿ. ಎರಡು ಫೋನಿನಲ್ಲಿ ಜಾಗ ಖಾಲಿ ಮಾಡಿಟ್ಟಿದ್ದೀವಿ, ಒಂದೇ ಸಲಕ್ಕೆ ಎರಡರಲ್ಲೂ ರೆಕಾರ್ಡ್ ಹಚ್ಚೋದು. ಬರುವಾಗ ಅಜ್ಜನ ಹಾಡೆಲ್ಲಾ ತರೋದಕ್ಕೆ ಹೇಳಿದ್ದಾರೆ. ಅವರದು ಕೀಪ್ಯಾಡ್ ಫೋನು, 31ನ್ನೂ ಎಂಪಿ3 ಮಾಡಿ 4 ಜಿಬಿ ಕಾರ್ಡಿಗೆ ಹಾಕಿ ಆಗಿದೆ.